ನರಿಕೊಂಬಿನ ಶಾರದೆಗೆ ಬಂದ ಸಂಬಂಧ

ಹೋದ ತಿಂಗಳು ನಾಟಕ ಸ್ಪರ್ಧೆಯೊಂದಕ್ಕೆ ತೀರ್ಪು ಕೊಡಲು ಮೂಡುಬಿದಿರೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಹಸಿವು ತಡೆಯದೆ ಎದುರಿನ ಹೋಟೆಲಿಗೆ ನುಗ್ಗಿದರೆ ಅಡುಗೆಮನೆಯಿಂದ ಕೆಸುವಿನ ಎಲೆ ಬೇಯುವ ವಾಸನೆ ಬಂತು. ಪತ್ರೊಡೆ. ಆಟಿ ತಿಂಗಳು ಬಂದಿದೆ ಅಂತ ಕ್ಯಾಲೆಂಡರ್ ನೋಡಿ ತಿಳಿಯಬೇಕಿರಲಿಲ್ಲ. ತಟ್ಟೆ ಬರುವಷ್ಟರಲ್ಲಿ ನಾನು ಏಳು ವರ್ಷ ಹಿಂದಕ್ಕೆ ಹೋಗಿಬಿಟ್ಟಿದ್ದೆ. ಆ ವರ್ಷ ಈ ಸುತ್ತಿನ ಮೂರು ತಾಲೂಕುಗಳಲ್ಲಿ ನಾನು ದೆವ್ವ ಆಗಿದ್ದೆ.

ನಾನು ಹಾವೇರಿ ಕಡೆಯವಳು. ನಾಟಕ ಶಾಲೆ ಮುಗಿಸಿ, ಊರೂರು ಅಲೆದು, ಕೊನೆಗೆ ಇಲ್ಲಿನ ಒಂದು ಕಾಲೇಜಿನಲ್ಲಿ ಒಂದು ವರ್ಷದ ಮಟ್ಟಿಗೆ ಕನ್ನಡ ಪಾಠ ಹೇಳುವ ಕೆಲಸ ಹಿಡಿದಿದ್ದೆ. ಜೊತೆಗೆ ನನ್ನದೇ ಒಂದು ಏಕವ್ಯಕ್ತಿ ಪ್ರದರ್ಶನ ಇತ್ತು: ಮೂರು ಹಳೆಯ ದೆವ್ವದ ಕಥೆಗಳು, ಒಂದೂಕಾಲು ಗಂಟೆ, ಒಂದು ಕುರ್ಚಿ, ಒಂದು ಲಾಟೀನು, ಒಂದು ಬಿಳಿ ಸೀರೆ. ಮೊದಲನೆಯದು ಸತ್ತ ಮೇಲೂ ಟಪಾಲು ಹೊತ್ತು ಓಡುವ ಅಂಚೆಯವನದು. ಎರಡನೆಯದು ಕಟ್ಟಿಗೆ ಮುಗಿಯಿತೆಂದು ಒಲೆಗೆ ತನ್ನ ಕಾಲನ್ನೇ ಇಟ್ಟು ಅತಿಥಿಗೆ ಅಡುಗೆ ಮಾಡುವ ಹೆಂಗಸಿನದು. ಮೂರನೆಯದು ಮದುವೆಗೆ ವಾರವಿರುವಾಗ ಬಾವಿಗೆ ಬಿದ್ದು ಸತ್ತ ಹುಡುಗಿಯದು. ಅವಳು ಬಾವಿಕಟ್ಟೆಯ ಮೇಲೆ ಕೂತು ದಾರಿಹೋಕರನ್ನೆಲ್ಲ ಒಂದೇ ಮಾತು ಕೇಳುತ್ತಾಳೆ, ದಿಬ್ಬಣ ಬಂತಾ ಅಂತ. ಮೂರೂ ಅಜ್ಜಿಯರ ಬಾಯಲ್ಲಿ ಸವೆದು ನುಣುಪಾದ ಕಥೆಗಳು, ನಮ್ಮ ಕಡೆ ಕೇಳಿದವರು ಒಬ್ಬರೇ ಹಿತ್ತಲಿಗೆ ಹೋಗಲು ಹೆದರುತ್ತಿದ್ದರು.

ಆಟಿ ಅಂದರೆ ಇಲ್ಲಿಯವರಿಗೆ ನಮ್ಮ ಆಷಾಢದ ಹಾಗೆ. ಮದುವೆ ಮುಂಜಿ ಇಲ್ಲ, ಸಭಾಭವನಗಳೆಲ್ಲ ಖಾಲಿ. ಆದ್ದರಿಂದ ಮಹಿಳಾ ಮಂಡಲ, ಹಾಲಿನ ಸೊಸೈಟಿ, ಹಳೆ ವಿದ್ಯಾರ್ಥಿ ಸಂಘ, ಎಲ್ಲರೂ ಆಟಿಯ ಒಂದು ದಿನ ಸೇರಿ ಹಳೆಯ ಕಾಲದ ತಿಂಡಿ ಮಾಡಿ, ಹಳೆಯ ಕಾಲದ ಮಾತಾಡಿ, ಉಂಡು ಹೋಗುವ ಕಾರ್ಯಕ್ರಮ ಇಟ್ಟುಕೊಳ್ಳುತ್ತಾರೆ. ಅಧ್ಯಕ್ಷರ ಭಾಷಣಕ್ಕೂ ಊಟಕ್ಕೂ ನಡುವೆ ಒಂದು ಮನರಂಜನೆ ಬೇಕಲ್ಲ, ಅಲ್ಲಿಗೆ ನನ್ನನ್ನು ಕರೆಯುತ್ತಿದ್ದರು. ಹೀಗಾಗಿ ನನ್ನ ದೆವ್ವಗಳೆಲ್ಲ ಬೆಳಿಗ್ಗೆ ಹನ್ನೊಂದೂವರೆಗೆ, ಪತ್ರೊಡೆಯ ಹಬೆಯ ಮಧ್ಯೆ ಎದ್ದು ಬರಬೇಕಾಯಿತು.

ನನಗೆ ಜೊತೆಗಾರ ಸುಂದರಣ್ಣ. ನಮ್ಮ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಅಟೆಂಡರ್, ಐವತ್ತರ ಆಸುಪಾಸಿನ ಮನುಷ್ಯ. ವಯರು ಸ್ವಿಚ್ಚು ಅಂದರೆ ಅವರಿಗೆ ನೀರು ಕುಡಿದಷ್ಟು ಸುಲಭ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟುವುದು, ತಗಡಿನ ಶೀಟು ಅಲ್ಲಾಡಿಸಿ ಗುಡುಗು ತರಿಸುವುದು, ಕೊನೆಗೆ ನಾನು ಕುಗ್ಗಿದ್ದರೆ "ಚಂದ ಆಯ್ತು ಮೇಡಂ" ಅನ್ನುವುದು, ಮೂರೂ ಅವರ ಕೆಲಸ. ಮೂರನೆಯದನ್ನು ಅವರು ಬಹಳ ಸಲ ಮಾಡಬೇಕಾಯಿತು.

ಯಾಕೆಂದರೆ ಮೊದಲ ಪ್ರದರ್ಶನದಲ್ಲೇ, ನಮ್ಮ ಕಾಲೇಜಿನಲ್ಲಿ, ಒಲೆಗೆ ಕಾಲಿಟ್ಟ ಹೆಂಗಸನ್ನು ನೋಡಿ ಹುಡುಗರು ಬಿದ್ದು ಬಿದ್ದು ನಕ್ಕರು. ಎರಡನೆಯದು ಫರಂಗಿಪೇಟೆಯ ಒಂದು ಶಾಲೆಯಲ್ಲಿ. ಹೈವೇಗೆ ಅಂಟಿಕೊಂಡ ಕಟ್ಟಡ. ನಾನು ಉಸಿರು ಬಿಗಿಹಿಡಿದು, ಪಿಸುದನಿಯಲ್ಲಿ ದಿಬ್ಬಣ ಬಂತಾ ಎಂದು ಕೇಳಿದ ಹೊತ್ತಿಗೇ ಹೊರಗೆ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಸಭೆಗೆ ಸಭೆಯೇ ಘೊಳ್ಳೆಂದಿತು. ಶಾಲಾ ಸಮಿತಿಯ ಅಧ್ಯಕ್ಷರು, ಗಲ್ಫಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದ ಹಿರಿಯ ಬ್ಯಾರಿ ಮುಸ್ಲಿಮರು, ಚಹಾ ಕೊಡುತ್ತಾ ನನ್ನನ್ನು ಸಮಾಧಾನಪಡಿಸಿದರು. ದೆವ್ವದ ತಪ್ಪಲ್ಲ ಟೀಚರೇ, ಈ ರೋಡಿನಲ್ಲಿ ಬದುಕಿದವರ ಮಾತೇ ಕೇಳುವುದಿಲ್ಲ ಅಂದರು. ನಾನೂ ನಕ್ಕೆ. ಆದರೆ ರೂಮಿಗೆ ಬಂದು ಅತ್ತೆ. ನನಗೆ ಆಗ ಇಪ್ಪತ್ತೇಳು, ಕಲೆಯ ವಿಷಯದಲ್ಲಿ ಮೂಗಿನ ತುದಿಯಲ್ಲಿ ಸಿಟ್ಟು.

ನಾಟಕ ಶಾಲೆಯಲ್ಲಿ ನಮ್ಮ ಮೇಷ್ಟ್ರೊಬ್ಬರು ಹೇಳುತ್ತಿದ್ದರು, ದೂರದ ದೆವ್ವಕ್ಕೆ ಯಾರೂ ಹೆದರುವುದಿಲ್ಲ, ಪಕ್ಕದ ಊರಿನದು ಬೇಕು. ಸರಿ, ಮೂರನೆಯ ಕಥೆಯ ಹುಡುಗಿಯನ್ನು ನರಿಕೊಂಬಿಗೆ ತಂದೆ. ನದಿ ಬದಿಯ ಮನೆ, ಅಂಗಳದ ತುಳಸಿಕಟ್ಟೆ, ಚಾವಡಿಯ ಮರದ ಕಂಬ. ವರ್ಣನೆಗೆ ಸುಂದರಣ್ಣನ ಅಜ್ಜಿಮನೆಯನ್ನು ಇಡಿಯಾಗಿ ಎತ್ತಿಕೊಂಡೆ. ಆರು ವರ್ಷದ ಹಿಂದೆ ಹತ್ತೊಂಬತ್ತರ ಹುಡುಗಿ ಬಾವಿಗೆ ಬಿದ್ದಳು ಎಂದು ವಯಸ್ಸನ್ನೂ ಕೊಟ್ಟೆ. ಸಾಲದ್ದಕ್ಕೆ ಶುರುವಿಗೆ ಒಂದು ಮಾತು ಸೇರಿಸಿದೆ: ಇದು ಕಥೆಯಲ್ಲ, ನಡೆದದ್ದು, ಮನೆಯವರು ಇನ್ನೂ ಇದ್ದಾರೆ, ಅದಕ್ಕೇ ಮನೆಯ ಹೆಸರು ಹೇಳುವುದಿಲ್ಲ.

ಸುಂದರಣ್ಣನಿಗೆ ಇದು ಹಿಡಿಸಲಿಲ್ಲ. ಊರಿನ ಹೆಸರು ಬೇಡ ಮೇಡಂ, ಅದೂ ಆಟಿಯಲ್ಲಿ, ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಏನೋ ಗೊಣಗಿ ವಯರು ಸುತ್ತಲು ಹೋದರು. ನಾನು ಅವರಿಗೆ ರಂಗಭೂಮಿ ಗೊತ್ತಿಲ್ಲ ಅಂದುಕೊಂಡೆ.

ಹುಡುಗಿಗೆ ಹೆಸರು ಬೇಕಿತ್ತು. ಶಾರದಾ ಅಂತ ಇಟ್ಟೆ. ಅದು ನನ್ನ ಅಕ್ಕನ ಹೆಸರು. ನಾನು ಹುಟ್ಟುವ ಮೊದಲೇ, ನಾಲ್ಕು ವರ್ಷದವಳಿದ್ದಾಗ, ಜ್ವರ ಬಂದು ಹೋಗಿಬಿಟ್ಟವಳು. ಒಂದು ಫೋಟೊ ಕೂಡ ಇಲ್ಲ. ಅಜ್ಜಿ ಒಮ್ಮೆ ಬಾಯಿತಪ್ಪಿ ಹೇಳಿದ್ದರಿಂದ ನನಗೆ ಗೊತ್ತು. ಅವ್ವ ಒಂದು ದಿನವೂ ಆ ಹೆಸರು ಎತ್ತಿದ್ದಿಲ್ಲ. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಆದರೆ ನಾಲ್ಕು ವರ್ಷದ ಕೂಸು ಹಿರಿಯಳಾಗುವುದು ಹೇಗೆ? ಹಾಗಾಗಿ ಅವಳು ಆ ಲೆಕ್ಕದಲ್ಲೂ ಇರಲಿಲ್ಲ. ಮನೆಯಲ್ಲಿ ಯಾರೂ ಬಳಸದೆ ಬಿಟ್ಟ ಹೆಸರನ್ನು ನಾನು ಬಳಸಿಕೊಂಡೆ, ಅಷ್ಟೇ ಅಂದುಕೊಂಡಿದ್ದೆ. ಆದರೆ ಬಾವಿಕಟ್ಟೆಯ ಮೇಲೆ ಕೂತು ಆ ಹೆಸರಿನಲ್ಲಿ ಮಾತಾಡಲು ಹೊರಟರೆ ನನಗೆ ನಿಜವಾಗಿ ಅಳು ಬರುತ್ತಿತ್ತು, ಅದನ್ನು ನಾನು ಅಭಿನಯ ಎಂದು ಲೆಕ್ಕಕ್ಕೆ ಹಿಡಿದೆ.

ಬಂಟ್ವಾಳದ ಮಹಿಳಾ ಮಂಡಲದಲ್ಲಿ ಇದರ ಮೊದಲ ಪ್ರಯೋಗ. ಒಬ್ಬರೂ ನಗಲಿಲ್ಲ. ದಿಬ್ಬಣ ಬಂತಾ ಎಂದು ಮೂರನೆಯ ಸಲ ಕೇಳಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಬರ್ಪುಂಡು ಮಗಾ, ಕುಲ್ಲು" ಅಂದರು. ಬರುತ್ತದೆ ಮಗಾ, ಕೂತುಕೋ. ಹೆದರಿಸಲು ಬಂದ ದೆವ್ವವನ್ನು ಹೀಗೆ ಯಾರಾದರೂ ಸಮಾಧಾನ ಮಾಡುತ್ತಾರೆಯೇ? ನನಗೆ ಮುಂದಿನ ಮಾತೇ ಮರೆಯಿತು. ಸುಂದರಣ್ಣ ಗಾಬರಿಯಾಗಿ ಬೇಡದ ಜಾಗದಲ್ಲಿ ಗುಡುಗು ಗುಡುಗಿಸಿದರು.

ಆಮೇಲೆ ಬೆಳ್ತಂಗಡಿ. ಸೊಸೈಟಿ ಕಟ್ಟಡದ ಮಹಡಿ, ಪ್ಲಾಸ್ಟಿಕ್ ಕುರ್ಚಿಗಳು, ನೂರೈವತ್ತು ಜನ. ಆ ದಿನದಷ್ಟು ಚೆನ್ನಾಗಿ ನಾನು ಜೀವನದಲ್ಲಿ ಎಂದೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಗಂಡ ಹೆಂಡತಿ ಬಂದು ಕೂತರು. ಆತ ಬಾಬಣ್ಣ, ಬೆಳ್ತಂಗಡಿಯಿಂದ ಒಳಗೆ ಗುಡ್ಡದ ಊರಿನವರು, ತಮ್ಮದೇ ಸ್ವಲ್ಪ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಾರೆ. ಆಕೆ ಲೀಲಕ್ಕ, ಬೀಡಿ ಕಟ್ಟುತ್ತಾರೆ. ಲೀಲಕ್ಕ ಅನ್ನ ಕಲಸುತ್ತಾ ತಲೆ ಎತ್ತದೆ ಕೇಳಿದರು.

"ಟೀಚರ್, ಆ ನರಿಕೊಂಬಿನ ಹುಡುಗಿಯದ್ದು ಇನ್ನೂ ಮದುವೆ ಆಗಲಿಲ್ಲ ಅಲ್ಲವಾ?"

ನಾನು ಉಬ್ಬಿಹೋದೆ. ನಟಿಗೆ ಇದಕ್ಕಿಂತ ದೊಡ್ಡ ಬಹುಮಾನ ಯಾವುದು! ಇಲ್ಲ, ಇನ್ನೂ ಕಾಯ್ತಾ ಇದ್ದಾಳೆ ಅಂತ, ಕಣ್ಣಲ್ಲಿ ಸ್ವಲ್ಪ ಮಿಂಚು ತಂದುಕೊಂಡೇ ಹೇಳಿದೆ. ಬಾಬಣ್ಣ ಬೆರಳು ಮಡಚಿ ಎಣಿಸಿದರು. ಹಾಗಾದರೆ ಈಗ ಇಪ್ಪತ್ತೈದು, ನಮ್ಮವನಿಗೆ ಇಪ್ಪತ್ತೊಂಬತ್ತು, ಸರಿಯಾಗ್ತದೆ ಅಂದರು. ಹುಡುಗಿಯ ಮನೆಯವರ ಬರಿ ಯಾವುದು ಎಂದು ಕೇಳಿದರು. ಬರಿ ಅಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮನೆತನದ ಕವಲು, ಒಂದೇ ಬರಿಯವರು ತಮ್ಮೊಳಗೆ ಹೆಣ್ಣು ಗಂಡು ಕೊಟ್ಟು ತರುವುದಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಕೇಳಿ ಹೇಳ್ತೀನಿ ಅಂದೆ. ಲೀಲಕ್ಕ ನನ್ನ ಫೋನ್ ನಂಬರ್ ಬರೆದುಕೊಂಡು, ತಮ್ಮ ಎಲೆಯ ಸಿಹಿಯನ್ನು ನನ್ನ ಎಲೆಗೆ ಬಡಿಸಿದರು.

ವಾಪಸು ಬಸ್ಸಿನಲ್ಲಿ ಸುಂದರಣ್ಣನಿಗೆ ಇದನ್ನು ನಗುನಗುತ್ತಾ ಹೇಳಿದೆ. ಅವರು ನಗಲಿಲ್ಲ.

"ಮೇಡಂ, ಅವರು ನಾಟಕದ ಬಗ್ಗೆ ಮಾತಾಡಿದ್ದಲ್ಲ. ಅವರು ಸಂಬಂಧ ಕೇಳಿದ್ದು."

ಗುರುವಾಯನಕೆರೆ ದಾಟಿ ವೇಣೂರು ಬರುವವರೆಗೆ ಅವರು ನಿಧಾನವಾಗಿ, ಪುಸ್ತಕದ ಕನ್ನಡದಲ್ಲಿ, ಎಲ್ಲ ಬಿಡಿಸಿ ಹೇಳಿದರು. ಇಲ್ಲಿ ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ. ಅವರು ಕುಲೆಗಳು, ಮನೆಯವರೇ. ಆಟಿಯಲ್ಲಿ ಅವರಿಗೆ ಎಲೆ ಹಾಕಿ ಬಡಿಸುತ್ತಾರೆ. ಎಳವೆಯಲ್ಲಿ ಸತ್ತ ಮಗುವೂ ವರ್ಷ ವರ್ಷ ದೊಡ್ಡದಾಗುತ್ತದೆ. ಪ್ರಾಯಕ್ಕೆ ಬಂದಾಗ ಅದಕ್ಕೂ ಮದುವೆ ಆಗಬೇಕು. ಹಾಗೆಯೇ ಸತ್ತ ಇನ್ನೊಂದು ಮನೆಯ ಮಗುವನ್ನು ಹುಡುಕಿ, ವಯಸ್ಸು ನೋಡಿ, ಬರಿ ನೋಡಿ, ಹೆಣ್ಣು ಕೇಳುವ ಶಾಸ್ತ್ರ ಮಾಡಿ, ಸೀರೆ ಪಂಚೆ ಇಟ್ಟು, ಊಟ ಹಾಕಿ ಮದುವೆ ಮಾಡುತ್ತಾರೆ. ಬದುಕಿದವರಿಗೆ ಆಟಿಯಲ್ಲಿ ಮದುವೆ ಇಲ್ಲ, ಹಾಗಾಗಿ ಆ ತಿಂಗಳು ಇವರದ್ದು. ಬಾಬಣ್ಣನ ಮಗ ಸಂತೋಷ ಹನ್ನೊಂದು ತಿಂಗಳ ಮಗುವಾಗಿದ್ದಾಗ ತೀರಿಕೊಂಡವನು. ಈಗ ಅವನ ತಂಗಿಗೆ ಗಂಡು ನೋಡುತ್ತಿದ್ದಾರೆ. ಮೂರು ಸಲ ಮಾತುಕತೆಯವರೆಗೆ ಬಂದು ಮುರಿದಿದೆ. ಅಣ್ಣ ಕೂತಿರುವಾಗ ತಂಗಿ ದಾಟಿ ಹೋಗುವುದು ಹೇಗೆ ಎಂದು ಕವಡೆ ಹಾಕಿ ಪ್ರಶ್ನೆ ನೋಡಿದ ಜೋಯಿಸರು ಹೇಳಿದ್ದಾರೆ. ನಾನು ವರ್ಣಿಸಿದ ಮನೆ ಥೇಟು ಅವರ ಪೈಕಿಯವರ ಮನೆಯ ಹಾಗೆಯೇ ಇತ್ತು. ಇರದೆ ಏನು, ಅದು ಸುಂದರಣ್ಣನ ಅಜ್ಜಿಯ ಮನೆ, ಸುಂದರಣ್ಣನೂ ಅವರವರೇ.

ಮಾರನೆಯ ದಿನವೇ ಫೋನ್ ಮಾಡಿ ಅದು ಕಟ್ಟುಕಥೆ ಅಂತ ಹೇಳಬಹುದಿತ್ತು. ಮಾಡಲಿಲ್ಲ. ನಾಚಿಕೆಯಾಯಿತು, ಅದು ಒಂದು. ಇನ್ನೊಂದನ್ನು ಒಪ್ಪಿಕೊಳ್ಳಲು ಈಗಲೂ ಕಷ್ಟವೇ: ಅವರು ನಂಬಿದ್ದು ನನಗೆ ಹಿತವಾಗಿತ್ತು. ಲೀಲಕ್ಕ ಮೂರು ನಾಲ್ಕು ದಿನಕ್ಕೊಮ್ಮೆ, ಮಧ್ಯಾಹ್ನ ನನ್ನ ಕ್ಲಾಸು ಮುಗಿಯುವ ಹೊತ್ತು ನೋಡಿ ಫೋನ್ ಮಾಡುತ್ತಿದ್ದರು. ಕೇಳಿದಿರಾ ಟೀಚರ್? ಮನೆಯವರು ಊರಲ್ಲಿ ಇಲ್ಲ, ಫೋನ್ ಹೋಗುತ್ತಿಲ್ಲ, ಈ ವಾರ ನೋಡ್ತೀನಿ. ಒಂದು ಸುಳ್ಳಿಗೆ ಕಾವಲು ನಿಲ್ಲಲು ಹತ್ತು ಸುಳ್ಳು ಬೇಕು. ಮಾತಿನ ನಡುವೆ ಅವರು ಶಾರದೆಯ ಬಗ್ಗೆ ಕೇಳುತ್ತಿದ್ದರು. ಅವಳಿಗೆ ಯಾವ ಬಣ್ಣದ ಸೀರೆ ಇಷ್ಟ ಇತ್ತಂತೆ? ಮೀನು ತಿನ್ನುತ್ತಿದ್ದಳಾ? ನಾನು ಹಸಿರು ಅಂದೆ. ತಿನ್ನುತ್ತಿದ್ದಳು ಅಂದೆ. ನನ್ನ ಅಕ್ಕನ ಬಗ್ಗೆ ಇಷ್ಟು ಮಾತನ್ನು ನಾನು ಯಾರ ಜೊತೆಯೂ ಆಡಿರಲಿಲ್ಲ, ಅದೂ ಎಲ್ಲ ಸುಳ್ಳೇ.

ಆಟಿ ಮುಗಿಯಲು ಹತ್ತು ದಿನ ಇದ್ದಾಗ ಸುಂದರಣ್ಣ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತರು. ಬಾಬಣ್ಣ ಎರಡು ಸಲ ನರಿಕೊಂಬಿಗೆ ಹೋಗಿ ಬಂದಿದ್ದಾರಂತೆ. ಒಂದು ಬಸ್ಸು ಹಿಡಿದು ಬಿ.ಸಿ.ರೋಡಿಗೆ, ಅಲ್ಲಿಂದ ಇನ್ನೊಂದು. ಅಂಗಡಿಯಲ್ಲಿ ಚಹಾ ಕುಡಿದು, ಆರು ವರ್ಷದ ಹಿಂದೆ ಹುಡುಗಿ ತೀರಿಕೊಂಡ ಮನೆ ಯಾವುದು ಎಂದು ಮೆಲ್ಲಗೆ ವಿಚಾರಿಸಿದ್ದಾರೆ. ಯಾರಿಗೂ ಗೊತ್ತಿಲ್ಲ. ಮನೆಯವರು ಮರ್ಯಾದೆಗೆ ಮುಚ್ಚಿಟ್ಟಿರಬೇಕು ಎಂದುಕೊಂಡು ಬಂದಿದ್ದಾರೆ. ಅದಕ್ಕಿಂತ ಕೆಟ್ಟ ಸುದ್ದಿ ಆಮೇಲೆ ಬಂತು. ವೇಣೂರು ಕಡೆಯಿಂದ ಅವರಿಗೆ ಒಂದು ನಿಜವಾದ ಸಂಬಂಧ ಬಂದಿತ್ತು, ಏಳು ವರ್ಷದವಳಿದ್ದಾಗ ಹೋದ ಹುಡುಗಿ. ಶಾರದೆಯನ್ನು ಮನಸ್ಸಿಗೆ ತಂದುಕೊಂಡಿದ್ದ ಲೀಲಕ್ಕ ಅದನ್ನು ಬೇಡ ಅಂದಿದ್ದರು. ಆ ಮನೆಯವರು ಬೇರೆ ಕಡೆ ಕೊಟ್ಟು, ಹೋದ ವಾರ ಮದುವೆಯೂ ಆಗಿತ್ತು.

"ನಾನು ಹೇಳ್ಬೇಕಾ, ನೀವು ಹೇಳ್ತೀರಾ?" ಸುಂದರಣ್ಣ ಕೇಳಿದ್ದು ಇಷ್ಟೇ.

ಆ ಭಾನುವಾರ ಇಬ್ಬರೂ ಹೋದೆವು. ಅವರ ಮನೆಯ ಹಿಂದೆ ಒಲೆಯ ಹೊಗೆಗೆ ರಬ್ಬರ್ ಶೀಟುಗಳನ್ನು ನೇತುಹಾಕಿದ್ದರು, ಆ ಕಟು ವಾಸನೆ ಅಂಗಳದವರೆಗೂ ಇತ್ತು. ಲೀಲಕ್ಕ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಮ್ಮನ್ನು ಕಂಡದ್ದೇ ಮೊರ ಕೆಳಗಿಟ್ಟು ಒಳಗೆ ಹೋಗಿ ಒಂದು ಸೀರೆ ತಂದು ತೋರಿಸಿದರು. ಹಸಿರು, ಸಣ್ಣ ಜರಿಯಂಚು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ನರಿಕೊಂಬಿನಲ್ಲಿ ಅಂಥ ಮನೆ ಇಲ್ಲ, ಅಂಥ ಬಾವಿ ಇಲ್ಲ, ಅಂಥ ಹುಡುಗಿ ಹುಟ್ಟಲೇ ಇಲ್ಲ, ಎಲ್ಲ ನಾನು ಕಟ್ಟಿದ್ದು. ಕ್ಷಮಿಸಿ ಅಂದಾಗ ನನ್ನ ದನಿ ನನಗೇ ನಾಟಕದ ದನಿಯ ಹಾಗೆ ಕೇಳಿತು, ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಇಬ್ಬರೂ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಾಬಣ್ಣ, ಕಥೆ ಮಾಡಿ ಟೀಚರ್, ಬೇಡ ಅನ್ನುವುದಿಲ್ಲ, ಆದರೆ ಸತ್ತವರಿಗೆ ಊರು ಕೊಟ್ಟರೆ ಹುಡುಕಿಕೊಂಡು ಬರುವವರು ಇರ್ತಾರೆ ಅಂದರು. ಆಮೇಲೆ ಎದ್ದು ಶೀಟು ತಿರುಗಿಸಲು ಹಿಂದಕ್ಕೆ ಹೋದರು. ಸುಂದರಣ್ಣ ಅವರ ಹಿಂದೆ ಹೋದರು. ಲೀಲಕ್ಕ ನನ್ನ ಕೈಯಿಂದ ಸೀರೆ ತೆಗೆದುಕೊಂಡು ಮಡಿಕೆ ಸರಿಮಾಡಿ ಪಕ್ಕಕ್ಕಿಟ್ಟು, ಮತ್ತೆ ಮೊರ ಎತ್ತಿಕೊಂಡರು. ನಾಲ್ಕೈದು ಬೀಡಿ ಕಟ್ಟಿದ ಮೇಲೆ ಕೇಳಿದರು.

"ಇಲ್ಲದ ಹುಡುಗಿಗೆ ಅಷ್ಟು ಅಳ್ಲಿಕ್ಕೆ ಆಗ್ತದಾ?"

ಆಗ ನಾನು ಅಕ್ಕನ ವಿಷಯ ಹೇಳಿದೆ. ಹೆಸರು ಅವಳದ್ದು, ನಾಲ್ಕು ವರ್ಷಕ್ಕೆ ಹೋದಳು, ನಾನು ನೋಡಿಲ್ಲ ಅಂತ. ಲೀಲಕ್ಕನ ಬೆರಳು ನಿಂತವು.

"ಈಗ ಎಷ್ಟು ಪ್ರಾಯ ಅವಳಿಗೆ?"

ಅಕ್ಕ ನನಗೆ ಯಾವಾಗಲೂ ನಾಲ್ಕು ವರ್ಷದವಳೇ. ಅವಳಿಗೆ ಈಗ ಅನ್ನುವುದು ಒಂದು ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಗೊತ್ತಿಲ್ಲ, ಲೆಕ್ಕ ಹಾಕಬೇಕು ಅಂದೆ. ಲೀಲಕ್ಕನಿಗೆ ಅದು ಸಿಟ್ಟಿಗಿಂತ ಆಶ್ಚರ್ಯ ತಂದ ಹಾಗೆ ಕಂಡಿತು. ಸುಳ್ಳನ್ನು ಸಹಿಸಿದವರಿಗೆ ಇದನ್ನು ಸಹಿಸಲು ಆಗಲಿಲ್ಲ.

"ಅಮ್ಮನಿಗೆ ಗೊತ್ತಿರ್ತದೆ, ಕೇಳಿ" ಅಂದರು.

ಅವ್ವ ಅವಳ ಬಗ್ಗೆ ಮಾತೇ ಆಡುವುದಿಲ್ಲ, ಮರೆತಿರಬೇಕು ಅಂದೆ.

"ಕೇಳಿದವರು ಯಾರು ಉಂಟು?"

ಊಟ ಮಾಡದೆ ಕಳಿಸಲಿಲ್ಲ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಒಣಮೀನು. ಹೊರಡುವಾಗ ಲೀಲಕ್ಕ ಗೇಟಿನವರೆಗೆ ಬರಲಿಲ್ಲ, ಚಾವಡಿಯಲ್ಲೇ ನಿಂತು ಕೈ ಎತ್ತಿದರು.

ಆ ವರ್ಷ ಸಂತೋಷನಿಗೆ ಮದುವೆ ಆಗಲಿಲ್ಲ. ಉಳಿದ ಕೆಲವೇ ದಿನದಲ್ಲಿ ಸುಂದರಣ್ಣ ತಮ್ಮ ಪೈಕಿಯವರಲ್ಲೆಲ್ಲ ವಿಚಾರಿಸಿದರು, ಸಿಗಲಿಲ್ಲ. ನನ್ನಿಂದಾಗಿ ಒಂದು ಆಟಿ ದಂಡವಾಯಿತು, ಅದರ ಜೊತೆ ಅವನ ತಂಗಿಯ ಒಂದು ವರ್ಷವೂ. ಮೂರನೆಯ ಕಥೆಯನ್ನು ನಾನು ಅಲ್ಲಿಗೇ ಬಿಟ್ಟೆ. ಮುಂದಿನ ಆಟಿಯಲ್ಲಿ, ನಾನು ಮೂಡುಬಿದಿರೆ ಬಿಟ್ಟಾದ ಮೇಲೆ, ಲೀಲಕ್ಕನ ಫೋನ್ ಬಂತು. ಸಂತುವಿಗೆ ಹೆಣ್ಣು ಸಿಕ್ಕಿತು, ಪುತ್ತೂರು ಕಡೆಯವಳು, ಹೆಸರು ಸುಜಾತ, ಅವನಿಗಿಂತ ಎರಡು ವರ್ಷಕ್ಕೆ ಸಣ್ಣವಳು. ಮದುವೆಯಾಗದವರು ಈ ಮದುವೆ ನೋಡಬಾರದು, ಆದ್ದರಿಂದ ನಿಮ್ಮನ್ನು ಕರೆಯಲಿಲ್ಲ, ಬೇಜಾರು ಮಾಡಬೇಡಿ ಅಂದರು. ಕೋಳಿ ಸುಕ್ಕ ಚೆನ್ನಾಗಿತ್ತಂತೆ. ಅದರ ಮುಂದಿನ ಬೇಸಿಗೆಯಲ್ಲಿ ಮಗಳ ಮದುವೆಯ ಕಾಗದವೂ ಬಂತು. ಅದಕ್ಕೆ ಹೋಗಿದ್ದೆ, ಉಂಡು ಬಂದೆ.

ಆದರೆ ನನ್ನ ಆ ವರ್ಷ ಮುಗಿದದ್ದು ಅವರ ಮನೆಯಿಂದ ಹೊರಟ ಭಾನುವಾರವೇ. ಬೆಳ್ತಂಗಡಿ ಬಸ್ ನಿಲ್ದಾಣದಲ್ಲಿ ಸುಂದರಣ್ಣ ಬಸ್ಸು ವಿಚಾರಿಸಲು ಹೋದರು. ನಾನು ಒಂದು ಕಂಬಕ್ಕೆ ಒರಗಿ ನಿಂತು ಅವ್ವನಿಗೆ ಫೋನ್ ಹಚ್ಚಿದೆ. ಊಟ ಆತೇನು, ಮಳಿ ಹೆಂಗೈತಿ, ಎಲ್ಲ ಆಯಿತು. ಆಮೇಲೆ ಕೇಳಿಯೇಬಿಟ್ಟೆ.

"ಅವ್ವಾ, ಶಾರದಕ್ಕಗ ಈಗ ಎಷ್ಟು ವಯಸ್ಸು?"

ಫೋನಿನ ಆ ಕಡೆ ಪಾತ್ರೆಯ ಸದ್ದು ನಿಂತಿತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಆ ಹೆಸರನ್ನು ಅವ್ವನ ಮುಂದೆ ಹೇಳಿದ್ದೆ. ಇಟ್ಟುಬಿಡುತ್ತಾಳೆ ಅಂದುಕೊಂಡೆ. ಅವಳು ಲೆಕ್ಕ ಹಾಕಲು ಒಂದು ಉಸಿರಿನಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ.

"ಬರೂ ಶೀಗಿ ಹುಣ್ಣಿಮಿಗೆ ಮೂವತ್ನಾಕು ತುಂಬತಾವ" ಅಂದಳು. ಆಮೇಲೆ, ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ, "ಯಾಕ, ಯಾರರ ಕೇಳಿದ್ರೇನು?" ಅಂದಳು.

"ಹೌದವ್ವಾ," ಅಂದೆ, "ಇಲ್ಲೊಬ್ಬರು ಕೇಳಿದ್ರು."